ತಿಪ್ಪೇರುದ್ರ ಬ್ರದರ್ ಡಿಗ್ರಿಗೆ ಹೊರಟಿದ್ದು

ನ್ಯಾಮತಿಯ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ, ಗೊಬ್ಬರದ ಅಂಗಡಿಯ ಮಗ್ಗುಲಲ್ಲಿ, ಡಾಕ್ಟರ್ ಬಸವರಾಜಪ್ಪನವರ ನರ್ಸಿಂಗ್ ಹೋಮ್ ಇದೆ. ಹನ್ನೆರಡು ವರ್ಷದಿಂದ ಅಲ್ಲಿ ನರ್ಸ್ ಕೆಲಸ ಮಾಡುತ್ತಿರುವವನು ತಿಪ್ಪೇರುದ್ರ. ಜಗಳೂರು ಕಡೆಯವನು. ಆಳೆತ್ತರದ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಉದ್ದ, ಊರಿನ ಪೈಲ್ವಾನರು ನೋಡಿ ಹೊಟ್ಟೆಕಿಚ್ಚು ಪಡುವಂಥ ಮೀಸೆ. ಆಸ್ಪತ್ರೆಯವರು ಅವನನ್ನು ಬ್ರದರ್ ಎನ್ನುತ್ತಾರೆ. ರೋಗಿಗಳಿಗೆ ಮಾತ್ರ ಆ ಪದ ನಾಲಿಗೆಗೆ ಹತ್ತುವುದಿಲ್ಲ. ಗ್ಲೂಕೋಸ್ ಬಾಟಲಿ ಖಾಲಿಯಾದರೆ "ಸಿಸ್ಟರ್" ಎಂದೇ ಕೂಗುತ್ತಾರೆ, ಬಂದು ನಿಂತವನ ಮೀಸೆ ನೋಡಿದ ಮೇಲೂ "ಸಿಸ್ಟರ್, ಬಾಟ್ಲಿ ಆತು ನೋಡ್ರಿ" ಎನ್ನುತ್ತಾರೆ. ಮೊದಮೊದಲು ಅವನು ತಿದ್ದುತ್ತಿದ್ದ. ಆಮೇಲೆ "ಬಂದೆ" ಎಂದು ಓಗೊಡುವುದನ್ನು ರೂಢಿ ಮಾಡಿಕೊಂಡ.

ಅವನ ಇಂಜೆಕ್ಷನ್ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಾಗಿತ್ತು. ಸ್ಪಿರಿಟ್ ಹಚ್ಚಿದ ಜಾಗಕ್ಕೆ ಬಗ್ಗಿ, ಕೆನ್ನೆ ಉಬ್ಬಿಸಿ, ಒಲೆ ಊದಿದ ಹಾಗೆ ಒಮ್ಮೆ ಉಫ್ ಎಂದು ಊದುತ್ತಿದ್ದ. ರೋಗಿಗೆ ತಣ್ಣಗೆ ಹಿತವೆನಿಸುವ ಹೊತ್ತಿಗೆ ಸೂಜಿ ಒಳಗೆ ಹೋಗಿ ಹೊರಗೂ ಬಂದಿರುತ್ತಿತ್ತು. "ಆ ಮೀಸೆ ಸಿಸ್ಟರೇ ಮಾಡ್ಲಿ, ಅವರು ಊದಿದ್ರೆ ಅರ್ಧ ಜ್ವರ ಅಲ್ಲೇ ಹೋಗ್ತೈತೆ" ಎಂದು ಮುದುಕಿಯರು ಹಟ ಹಿಡಿಯುತ್ತಿದ್ದರು. ತಿಪ್ಪೇರುದ್ರನಿಗೆ ಅದರ ಮೇಲೆ ಒಳಗೊಳಗೇ ಬಹಳ ಹೆಮ್ಮೆ.

ಕಳೆದ ವರ್ಷ ಬಸವರಾಜಪ್ಪನವರು ಮೇಲೊಂದು ಮಹಡಿ ಕಟ್ಟಿಸಿ ಹೊಸ ವಾರ್ಡ್ ತೆರೆದರು. ಅದರ ಉಸ್ತುವಾರಿಗೆ ಡಿಗ್ರಿ ಓದಿದ ನರ್ಸೇ ಬೇಕು ಎಂದು ಸಂಘಮಿತ್ರಾ ಎಂಬ ಹುಡುಗಿಯನ್ನು ಕರೆತಂದರು. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯವಳು, ನರ್ಸಿಂಗ್‌ನಲ್ಲಿ ಬಿಎಸ್ಸಿ ಮುಗಿಸಿ ಎರಡು ವರ್ಷವಾಗಿತ್ತು. ಸಣ್ಣ ಆಳು, ಸಣ್ಣ ದನಿ. ತಿಪ್ಪೇರುದ್ರ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದಾಗ ಅವಳಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದಳು. ಈಗ ಅವಳೇ ಅವನ ಮೇಲಿನವಳು.

ಬಂದ ಮೊದಲ ದಿನವೇ ಅವಳು ಅವನ ಪಕ್ಕದಲ್ಲಿ ನಿಂತು ಇಂಜೆಕ್ಷನ್ ಮಾಡುವುದನ್ನು ನೋಡಿದಳು. ಅವನು ಎಂದಿನಂತೆ ಬಗ್ಗಿ ಊದಿದ. ರೋಗಿ ಹೊರಗೆ ಹೋದ ಮೇಲೆ ಮೆಲ್ಲಗೆ, "ರುದ್ರಣ್ಣ, ಊದಬಾರ್ದು" ಎಂದಳು.

"ಯಾಕ್ ಮೇಡಂ? ಹನ್ನೆರಡು ವರ್ಷದಿಂದ ಊದ್ತಾ ಇದೀನಿ. ಯಾರೂ ಸತ್ತಿಲ್ಲ."

"ಸಾಯಲ್ಲ. ಆದ್ರೆ ಸ್ಪಿರಿಟ್ ತಾನಾಗೇ ಒಣಗಬೇಕು, ಒಣಗೋ ಹೊತ್ತಿನಾಗೇ ಅದು ಕ್ರಿಮಿ ಕೊಲ್ಲೋದು. ನೀವು ಊದಿದ್ರೆ ಬಾಯಾಗಿನ ಕ್ರಿಮಿ ಎಲ್ಲಾ ಮತ್ತೆ ಅದೇ ಜಾಗಕ್ಕೆ ಹೋಗ್ತಾವೆ. ಒರೆಸಿದ್ದೂ ದಂಡ ಆಗ್ತೈತೆ."

ತಿಪ್ಪೇರುದ್ರನಿಗೆ ಸಿಟ್ಟು ಬಂತು. ಆ ವಾರವೆಲ್ಲ ಊದದೆ ಇಂಜೆಕ್ಷನ್ ಮಾಡಿದ. ರೋಗಿಗಳು ತೋಳು ಚಾಚಿಕೊಂಡೇ ಕಾಯುತ್ತಿದ್ದರು. "ಊದ್ಲೇ ಇಲ್ವಲ್ರೀ" ಎಂದು ಒಬ್ಬ ಮುದುಕ ಜಗಳಕ್ಕೇ ಬಂದ. "ದುಡ್ಡು ಅಷ್ಟೇ ತಗಂತೀರಿ, ಊದೋದು ಮಾತ್ರ ಬಿಟ್ರಿ" ಎಂದ.

ಸಿಟ್ಟು ಇಳಿದ ಮೇಲೆ ಬೇರೊಂದು ಯೋಚನೆ ಅವನನ್ನು ಕೊರೆಯತೊಡಗಿತು. ಅವಳು ಹೇಳಿದ್ದು ನಿಜ. ತಾನು ದಿನವೂ ಮಾಡುವ ಕೆಲಸಗಳಲ್ಲಿ ಇನ್ನೆಷ್ಟಕ್ಕೆ ಯಾಕೆ ಎಂದು ಕೇಳಿದರೆ ಬಾಯಿ ಕಟ್ಟುತ್ತದೋ ಎಂದು ಭಯವಾಯಿತು. ಒಂದು ದಿನ ಚಹಾ ಕುಡಿಯುವಾಗ ಅವಳನ್ನೇ ಕೇಳಿದ. "ಮೇಡಂ, ಈ ವಯಸ್ಸಿಗೆ ಬಿಎಸ್ಸಿ ಮಾಡಾಕೆ ಆಗ್ತೈತಾ?"

"ಆಗ್ತೈತೆ ರುದ್ರಣ್ಣ. ಪೋಸ್ಟ್ ಬೇಸಿಕ್ ಅಂತ ಐತೆ. ಡಿಪ್ಲೊಮಾ ಆದೋರಿಗೆ ನಾಲ್ಕು ವರ್ಷದ ಡಿಗ್ರಿನ ಎರಡೇ ವರ್ಷಕ್ಕೆ ಮುಗಿಸ್ತಾರೆ. ಓದೋದು ಮಾತ್ರ ಅಷ್ಟೇ ಇರ್ತೈತೆ."

"ಅಂದ್ರೆ ನಾಲ್ಕು ರೊಟ್ಟಿನ ಎರಡು ತುತ್ತಿಗೆ ನುಂಗಬೇಕು."

"ಹ್ಞೂಂ. ನೀರೂ ಕುಡಿಯಂಗಿಲ್ಲ" ಎಂದಳು ಸಂಘಮಿತ್ರಾ, ನಗದೆ.

ದಾವಣಗೆರೆಯ ಒಂದು ಕಾಲೇಜಿನಲ್ಲಿ ಆ ಕೋರ್ಸ್ ಇತ್ತು. ಸೀಟು ಸಿಗಬೇಕಾದರೆ ಬೆಳಿಗ್ಗೆ ಬರೆಯುವ ಪರೀಕ್ಷೆ, ಮಧ್ಯಾಹ್ನ ರೋಗಿಯ ಮುಂದೆ ಪ್ರಾಯೋಗಿಕ, ಎರಡೂ ಒಂದೇ ದಿನ. ಅರ್ಜಿ ಆನ್‌ಲೈನ್. ತಿಪ್ಪೇರುದ್ರ ತನ್ನ ಸರ್ಟಿಫಿಕೇಟುಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಿಂಗರಾಜನ ಕಂಪ್ಯೂಟರ್ ಅಂಗಡಿಗೆ ಹೋದ. ತಾಲ್ಲೂಕಿನ ಅರ್ಧ ಜನರ ಪಹಣಿ, ಆಧಾರ್, ರೇಷನ್ ಕಾರ್ಡ್ ಎಲ್ಲವೂ ನಿಂಗರಾಜನ ಬೆರಳ ತುದಿಯಲ್ಲೇ ತಿದ್ದುಪಡಿಯಾಗುವುದು. ಅವನು ಪರದೆಯಿಂದ ಕಣ್ಣು ಕೀಳದೆ ಕೆಲಸ ಮಾಡುತ್ತಾನೆ. ಎದುರಿಗೆ ಕೂತವರ ಮುಖ ನೋಡುವುದು ಕೊನೆಗೆ, ದುಡ್ಡು ಇಸಿದುಕೊಳ್ಳುವಾಗ.

"ಯಾವ ಕೋರ್ಸು?"

"ನರ್ಸಿಂಗು."

"ಈ ವಾರ ಇದು ಒಂಬತ್ತನೇದು" ಎನ್ನುತ್ತಾ ನಿಂಗರಾಜ ಟಕಟಕ ಒತ್ತಿದ. ಗಂಡನ ಹೆಸರೇನು ಎಂದು ಒಮ್ಮೆ ಕೇಳಿದ. ತಿಪ್ಪೇರುದ್ರ ಆ ಹೊತ್ತಿಗೆ ಬಂದ ಫೋನಿನಲ್ಲಿ ಒಬ್ಬ ರೋಗಿಯ ಮನೆಯವರಿಗೆ ಗುಳಿಗೆ ಎಷ್ಟು ಹೊತ್ತಿಗೆ ಎಂದು ಹೇಳುತ್ತಿದ್ದ. ನಿಂಗರಾಜ ಆಧಾರ್ ಕಾರ್ಡ್ ನೋಡಿ ಅಲ್ಲಿದ್ದ ಅಪ್ಪನ ಹೆಸರನ್ನೇ ತುಂಬಿ ಮುಗಿಸಿದ. ಅರ್ಜಿ ಹೋಯಿತು.

ಓದು ಶುರುವಾಯಿತು. ಸಂಘಮಿತ್ರಾ ತನ್ನ ಹಳೆಯ ಪುಸ್ತಕಗಳನ್ನು ಊರಿಂದ ಹೊತ್ತು ತಂದಳು. ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ದಿನಾ ಚಹಾದ ಹೊತ್ತಿಗೆ ಅವಳು ಪಾಠ ಹೇಳುವುದು, ಅವನು ಮನೆಗೆ ಹೋಗಿ ಬಾಯಿಪಾಠ ಮಾಡುವುದು ಎಂದಾಯಿತು. ಅವನು ಅವಳನ್ನು ಮೇಡಂ ಎನ್ನುವುದು ಬಿಟ್ಟು ಟೀಚರ್ ಎನ್ನತೊಡಗಿದ. ಬೇಡ ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ.

ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳುವ ಕೆಲಸ ಹೆಂಡತಿ ಅನ್ನಪೂರ್ಣಳದು. ಅವಳು ಟೈಲರ್. ಬಾಗಿಲ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಬೀದಿಯ ಹೆಂಗಸರ ಬ್ಲೌಸುಗಳನ್ನೆಲ್ಲ ಅವಳೇ ಹೊಲಿಯುವುದು. ಯಂತ್ರದ ಮೇಲೆ ಪುಸ್ತಕ ತೆರೆದಿಟ್ಟುಕೊಂಡು, ಪೆಡಲ್ ತುಳಿಯುತ್ತಲೇ ಪ್ರಶ್ನೆ ಕೇಳುತ್ತಿದ್ದಳು. ಅವನು ಒಂದೊಂದು ಮೂಳೆಯ ಹೆಸರನ್ನೂ ಹತ್ತು ಸಲ ತಪ್ಪಿ ಹೇಳುವಷ್ಟರಲ್ಲಿ ಅವಳಿಗೇ ಬಾಯಿಪಾಠವಾಗಿ ಹೋಯಿತು.

"ಭುಜದ ಮುಂದಿನ ಎಲುಬು?"

"ಸ್ಕ್ಯಾಪುಲಾ."

"ಅದು ಹಿಂದಿಂದು ಕಣ್ರೀ. ಮುಂದಿಂದು ಕ್ಲಾವಿಕಲ್. ದಿನಾ ಅಳತೆ ತಗಳ್ಳೋಳು ನಾನು, ನನ್ನ ಕೇಳ್ರಿ."

ಕಲಿತದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಜಾಯಮಾನ ಅನ್ನಪೂರ್ಣಳದಲ್ಲ. ಒಂದು ದಿನ ಪಕ್ಕದ ಬೀದಿಯ ಮಮತಾ ಬಂದು, ಬ್ಲೌಸ್ ಎಡಗಡೆ ಜಾರುತ್ತದೆ ಎಂದು ದೂರಿದಳು. ಅನ್ನಪೂರ್ಣ ಟೇಪು ಹಿಡಿದು ಅವಳ ಭುಜ ಅಳೆದಳು. ಹಿಂದೆ ಸರಿದು ನಿಂತು ನೋಡಿದಳು. "ನನ್ನ ಹೊಲಿಗೆ ಸರಿ ಐತೆ ಮಮತಾ. ನಿನ್ನ ಎಡಗಡೆ ಕ್ಲಾವಿಕಲ್ಲೇ ಸ್ವಲ್ಪ ಇಳಿದೈತೆ" ಎಂದಳು.

ಮಮತಾ ಅಲ್ಲಿಂದ ಸೀದಾ ನರ್ಸಿಂಗ್ ಹೋಮಿಗೆ ಬಂದು ಚೀಟಿ ಮಾಡಿಸಿ ಬಸವರಾಜಪ್ಪನವರ ಮುಂದೆ ಕೂತಳು. ಕಣ್ಣಲ್ಲಿ ನೀರು.

"ಏನಮ್ಮಾ ತೊಂದರೆ?"

"ಕ್ಲಾವಿಕಲ್ ಇಳಿದೈತಂತೆ ಡಾಕ್ಟ್ರೇ."

"ಯಾರು ಹೇಳಿದ್ದು? ಎಕ್ಸ್‌ರೇ ಎಲ್ಲಿ ಮಾಡಿಸಿದ್ರಿ?"

"ಎಕ್ಸ್‌ರೇ ಇಲ್ಲ. ಟೇಪ್ ಹಿಡಿದು ಹೇಳಿದ್ರು. ಟೈಲರ್."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳಿಗೆ ಸಮಾಧಾನ ಹೇಳಿ ಕಳಿಸಿದ ಮೇಲೆ ತಿಪ್ಪೇರುದ್ರನನ್ನು ಕರೆದರು. "ನಿಂದು ಪರೀಕ್ಷೆ ಯಾವಾಗಪ್ಪಾ?"

"ಮುಂದಿನ ತಿಂಗಳು ಸರ್."

"ಬೇಗ ಮುಗಿಸು. ಇಲ್ಲಾಂದ್ರೆ ನಿನ್ನ ಹೆಂಡ್ತಿ ಪಕ್ಕದಾಗೇ ಕ್ಲಿನಿಕ್ ಹಾಕ್ತಾಳೆ."

ಆ ಹೊತ್ತಿಗೆ ಜಗಳೂರು ಕಡೆಯಿಂದ ಅವನ ತಾಯಿ ಭೀಮಕ್ಕ ಮಂಡಿನೋವು ತೋರಿಸಿಕೊಳ್ಳಲು ಬಂದಳು. ತಿಪ್ಪೇರುದ್ರನಿಗೆ ರೋಗಿಯೊಬ್ಬಳು ಮನೆಬಾಗಿಲಿಗೇ ಬಂದ ಹಾಗಾಯಿತು. ಒಬ್ಬ ರೋಗಿಯ ಪೂರ್ವಾಪರವನ್ನೆಲ್ಲ ಕೇಳಿ, ಅವರ ತೊಂದರೆಗಳನ್ನು ಒಂದೊಂದಾಗಿ ಗುರುತಿಸಿ, ಆರೈಕೆಯ ಯೋಜನೆ ಬರೆದು ತರಬೇಕೆಂದು ಸಂಘಮಿತ್ರಾ ಹೇಳಿದ್ದಳು. ಅವನು ತಾಯಿಯನ್ನು ಜಗುಲಿಯ ಮೇಲೆ ಕೂರಿಸಿ ಪೆನ್ನು ತೆಗೆದ.

"ಅವ್ವಾ, ನೋವು ಎಷ್ಟೈತೆ? ಸೊನ್ನೆಯಿಂದ ಹತ್ತರೊಳಗೆ ಹೇಳು."

ಭೀಮಕ್ಕ ಮಂಡಿ ನೀವಿಕೊಂಡು ಲೆಕ್ಕ ಹಾಕಿದಳು. "ಹನ್ನೆರಡಾಣೆ ಐತೆ."

"ಹತ್ತರೊಳಗೆ ಹೇಳಬೇಕು."

"ರೂಪಾಯಿ ಅಂದ್ರೆ ತಡಕಳ್ಳಾಕೇ ಆಗ್ದಂಗೆ. ಅಷ್ಟಿಲ್ಲ. ಹನ್ನೆರಡಾಣೆ."

ತಿಪ್ಪೇರುದ್ರ ಹದಿನಾರಾಣೆಗೆ ಹತ್ತು ಎಂದು ಮನಸ್ಸಿನಲ್ಲೇ ಗುಣಿಸಿ ಏಳೂವರೆ ಎಂದು ಬರೆದುಕೊಂಡ. "ನಮ್ಮ ಮನೆತನದಾಗೆ ಯಾರಿಗಾದ್ರೂ ಕಾಯಿಲೆ ಇತ್ತಾ?"

"ನನ್ನ ತವರಾಗೆ ಯಾರಿಗೂ ಇಲ್ಲ. ನಿಮ್ಮಪ್ಪನ ಕಡೆ ಎಲ್ಲಾರಿಗೂ ಐತೆ."

"ಏನು ಕಾಯಿಲೆ?"

"ಹೇಳಿದ ಮಾತು ಕೇಳ್ದೇ ಇರೋದು."

"ಅದು ಕಾಯಿಲೆ ಅಲ್ಲವ್ವಾ."

"ಅದ್ರ ಜೊತಿಗೆ ಸಂಸಾರ ಮಾಡಿದೋಳು ನಾನು. ನಿನಗೇನು ಗೊತ್ತು? ಬರ್ಕ."

ಅಲ್ಲಿಂದ ಅವಳು ಅವನ ಅಪ್ಪ ಜಯಪ್ಪ ಮದುವೆಯ ದಿನ ಬಾಸಿಂಗ ಬೇಡವೆಂದು ಹಟ ಹಿಡಿದದ್ದರಿಂದ ಹಿಡಿದು, ಹೋದ ವಾರ ಮೆಕ್ಕೆಜೋಳವನ್ನು ಮಾರಬೇಡವೆಂದರೂ ಮಾರಿದ್ದರವರೆಗೆ ಹೇಳಿದಳು. ನಡುವೆ ಸೊಸೆಯ ವಿಷಯವೂ ಬಂತು. ಮುದ್ದೆ ತಿರುವುವ ಹೊತ್ತಿಗೆ ಯಂತ್ರದ ಮುಂದೆ ಕೂರುತ್ತಾಳೆ, ಏನು ಕೇಳಿದರೂ ಯಾವುದೋ ಎಲುಬಿನ ಹೆಸರು ಹೇಳುತ್ತಾಳೆ ಎಂದು ದನಿ ತಗ್ಗಿಸಿ ದೂರಿದಳು. ತಿಪ್ಪೇರುದ್ರ ಪ್ರಾಮಾಣಿಕ ವಿದ್ಯಾರ್ಥಿ. ಎಲ್ಲವನ್ನೂ ಬರೆದುಕೊಂಡ.

ಮಾರನೆಯ ದಿನ ಸಂಘಮಿತ್ರಾ ಅದನ್ನು ಓದಿದಳು. ರೋಗಿಯ ಮೊದಲನೆಯ ತೊಂದರೆ, ಮಂಡಿ ಸವೆತಕ್ಕೆ ಸಂಬಂಧಿಸಿದ ನೋವು. ಎರಡನೆಯದು, ಸೊಸೆಯ ಹೊಲಿಗೆ ಯಂತ್ರಕ್ಕೆ ಸಂಬಂಧಿಸಿದ ಆತಂಕ. ಮೂರನೆಯದು, ಗಂಡನಿಗೆ ಸಂಬಂಧಿಸಿದ ನಿದ್ರಾಹೀನತೆ. ಅವಳು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಳು.

"ತಪ್ಪೈತಾ ಟೀಚರ್?"

"ಬರೆಯೋ ಕ್ರಮ ಸರಿ ಐತೆ ರುದ್ರಣ್ಣ. ಭಾಳ ಚೆನ್ನಾಗೈತೆ. ಇದನ್ನ ಮನೇಲಿ ಅನ್ನಪೂರ್ಣಕ್ಕನ ಕೈಗೆ ಮಾತ್ರ ಸಿಗದಂಗೆ ನೋಡ್ಕಳ್ಳಿ."

ಮಂಡಿಗೆ ಏನು ಮಾಡಬೇಕೆಂದು ಆ ಹಾಳೆಯಲ್ಲೇ ಬರೆದಿದ್ದ. ಕೂತು ಮಾಡುವ ವ್ಯಾಯಾಮ, ಬಿಸಿನೀರಿನ ಶಾಖ, ಮೋರಿಯ ಬದಿ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತೊಳೆಯದಿರುವುದು. ಕೊನೆಯದನ್ನು ಭೀಮಕ್ಕ ಅಂದೇ ಜಾರಿಗೆ ತಂದಳು. ಅಲ್ಲಿದ್ದಷ್ಟು ದಿನವೂ ಪಾತ್ರೆ ತಿಪ್ಪೇರುದ್ರನೇ ತೊಳೆದ.

ಪ್ರಾಯೋಗಿಕದಲ್ಲಿ ಒಂದು ಚೀಟಿ ಎತ್ತಬೇಕು, ಅದರಲ್ಲಿ ಬಂದ ವಿಷಯದ ಮೇಲೆ ರೋಗಿಗೋ ಜನರಿಗೋ ತಿಳಿವಳಿಕೆ ಹೇಳಬೇಕು ಎಂದು ಗೊತ್ತಾಯಿತು. ಗುಂಪಿನ ಮುಂದೆ ಮಾತಾಡಿ ಅಭ್ಯಾಸವಿಲ್ಲದ ತಿಪ್ಪೇರುದ್ರನಿಗೆ ಇದೊಂದು ಹೆದರಿಕೆ. ಸಂಘಮಿತ್ರಾಳ ತಾಯಿ ತ್ಯಾವಣಿಗೆಯಲ್ಲಿ ಅಂಗನವಾಡಿ ಕಾರ್ಯಕರ್ತೆ. "ಭಾನುವಾರ ನಮ್ಮೂರಿಗೆ ಬರ್ರಿ. ಅಮ್ಮ ಬಾಣಂತಿಯರ್ನ ಸೇರಿಸ್ತಾಳೆ. ಅಲ್ಲಿ ಮಾತಾಡಿ ರೂಢಿ ಮಾಡ್ಕಳ್ಳಿ" ಎಂದಳು.

"ಬಾಣಂತಿಯರ ಮುಂದೆ ನಾನೇನು ಮಾತಾಡ್ಲಿ?"

"ಎದೆಹಾಲಿನ ಬಗ್ಗೆ."

ಅವನು ಬೇರೆ ವಿಷಯಕ್ಕಾಗಿ ಗೋಗರೆದ. ಪರೀಕ್ಷೆಯಲ್ಲಿ ಅದೇ ಚೀಟಿ ಬಂದರೆ ಬೇರೆ ಕೊಡಿ ಎನ್ನುತ್ತೀರಾ ಎಂದು ಅವಳು ಕೇಳಿದಳು.

ಭಾನುವಾರ ಬೈಕಿನಲ್ಲಿ ಹೊನ್ನಾಳಿ ದಾಟಿ ತ್ಯಾವಣಿಗೆ ಮುಟ್ಟಿದ. ಮೊದಲು ಸಂಘಮಿತ್ರಾಳ ಮನೆಗೆ ಹೋದ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವಳು ಪದವಿ ಪಡೆಯುವಾಗಿನ ಫೋಟೋ. ಅವಳ ತಂದೆ ಅವಲಕ್ಕಿ, ಚಹಾ ಕೊಟ್ಟು, "ಹೆದರಬೇಡ್ರಿ. ನಾನೂ ಒಂದ್ಸಲ ಮೈಕ್ ಮುಂದೆ ನಿಂತು ನನ್ನ ಹೆಸರೇ ಮರ್ತಿದ್ದೆ" ಎಂದು ಧೈರ್ಯ ಹೇಳಿದರು. ಅದರಿಂದ ಧೈರ್ಯವೇನೂ ಬರಲಿಲ್ಲ.

ಅಂಗನವಾಡಿಯಲ್ಲಿ ಎಳೆಯ ಬಾಣಂತಿಯರು, ಅವರ ತಾಯಂದಿರು, ಅತ್ತೆಯರು ಎಲ್ಲ ಸೇರಿ ಕೋಣೆ ತುಂಬಿತ್ತು. ಆಡುವ ಮಕ್ಕಳ ಗೊಂಬೆಯೊಂದನ್ನು ಅವನ ಕೈಗೆ ಕೊಟ್ಟರು. ಗೊಂಬೆಗೆ ಒಂದು ಕೈ ಇರಲಿಲ್ಲ. ತಿಪ್ಪೇರುದ್ರ ಅದನ್ನು ಎದೆಗೆ ಅವಚಿಕೊಂಡು, ಮಗುವನ್ನು ಹೇಗೆ ಹಿಡಿಯಬೇಕೆಂದು ತೋರಿಸಿದ. ಗೊಂಬೆಯ ಮೂಗಿಗೆ ಅವನ ಮೀಸೆ ತಾಗುತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಒಬ್ಬಳ ಭುಜ ಕುಲುಕತೊಡಗಿತು, ಆಮೇಲೆ ಇಡೀ ಸಾಲು ಕುಲುಕಿತು.

ಮುಂದಿದ್ದ ಅಜ್ಜಿಯೊಬ್ಬಳು ಗಂಭೀರವಾಗಿ ಕೇಳಿದಳು. "ಅಲ್ಲಪ್ಪಾ, ನೀನು ಎಷ್ಟು ಮಕ್ಳಿಗೆ ಕುಡಿಸೀಯ?"

"ಒಂದಕ್ಕೂ ಇಲ್ಲವ್ವಾ" ಎಂದ ತಿಪ್ಪೇರುದ್ರ.

ಕೋಣೆಯಲ್ಲಿ ನಗೆಯೋ ನಗೆ. ಕಂಕುಳಲ್ಲಿದ್ದ ಕೂಸುಗಳು ಬೆಚ್ಚಿ ಅಳಲು ಶುರು ಮಾಡಿದವು. ಅವನಿಗೆ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಗೊಂಬೆಯನ್ನು ಮೆಲ್ಲಗೆ ಕೆಳಗಿಟ್ಟು, ಚಾಪೆಯ ಮೇಲೆ ಕೂತುಬಿಟ್ಟ. ವಾರ್ಡಿನಲ್ಲಿ ಮಂಚದ ಪಕ್ಕ ಕೂತು ಮಾತಾಡಿಸುವ ಹಾಗೆ, ಹತ್ತಿರವಿದ್ದ ಒಬ್ಬ ಬಾಣಂತಿಯನ್ನು ಕೇಳಿದ. "ನಿಂಗೆ ಏನು ಕಷ್ಟ ಆಗೈತೆ ತಂಗಿ? ಅದನ್ನಾದ್ರೂ ಹೇಳು."

ಅವಳು ಅತ್ತ ಇತ್ತ ನೋಡಿ ಹೇಳಿದಳು. ಮನೆಯಲ್ಲಿರುವುದು ಒಂದೇ ಕೋಣೆ. ಕೂಸು ನೋಡಲು ದಿನಾ ಜನ ಬರುತ್ತಾರೆ, ಬಂದವರು ಏಳುವುದಿಲ್ಲ. ಗಂಡ ಅವರ ಜೊತೆ ಮಾತಿಗೆ ಕೂರುತ್ತಾನೆ. ಕೂಸು ಅತ್ತರೆ ಬಾಟಲಿ ಕೊಡುವುದಲ್ಲದೆ ಬೇರೆ ದಾರಿಯಿಲ್ಲ. ಅವಳು ಹೇಳಿದ ಮೇಲೆ ಇನ್ನೊಬ್ಬಳು, ಮತ್ತೊಬ್ಬಳು ಅದನ್ನೇ ಹೇಳಿದರು.

"ನಿಮ್ಮ ಗಂಡಂದಿರು ಎಲ್ಲಿ?"

"ಹೊರಗೆ ಅದಾರೆ. ಕರ್ಕೊಂಡು ಹೋಗಾಕೆ ಬಂದಾರೆ."

ತಿಪ್ಪೇರುದ್ರ ಎದ್ದು ಹೊರಗೆ ಹೋದ. ಬೇವಿನ ಮರದ ಕೆಳಗೆ ಏಳೆಂಟು ಗಂಡಸರು ಬೈಕುಗಳ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರು. ಅಲ್ಲಿ ಅವನ ಉದ್ದವೂ ಮೀಸೆಯೂ ಕೆಲಸಕ್ಕೆ ಬಂದವು. "ಕೂಸು ನೋಡಾಕೆ ಬಂದೋರ್ನ ಯಾವಾಗ ಎಬ್ಬಿಸಬೇಕು ಅಂತ ನಿಮ್ಮಲ್ಲಿ ಯಾರಿಗೆ ಗೊತ್ತೈತ್ರಪ್ಪಾ?" ಎಂದು ಶುರು ಮಾಡಿದ. ಗಂಡಸರು ಮೊಬೈಲ್ ಜೇಬಿಗೆ ಹಾಕಿದರು. ಕೂಸು ಅತ್ತ ಕೂಡಲೇ ನೆಂಟರನ್ನು ಹೊರಗೆ ಜಗುಲಿಗೆ ಕರೆದೊಯ್ಯಬೇಕು, ಹಾಲೂಡಿಸುವವಳ ಪಕ್ಕ ಒಂದು ತಂಬಿಗೆ ನೀರಿಡಬೇಕು, ಎರಡು ಹೊತ್ತಿನ ಬದಲು ನಾಲ್ಕು ಹೊತ್ತು ಊಟ ಕೊಡಬೇಕು ಎಂದು ಹೇಳಿದ. ಕಿಟಕಿಯಲ್ಲಿ ಹೆಂಗಸರ ತಲೆಗಳು ತುಂಬಿಕೊಂಡಿದ್ದವು. "ಬಟ್ಟೆ ಒಗೆಯೋದನ್ನೂ ಹೇಳ್ರಿ" ಎಂದು ಒಳಗಿಂದ ಯಾರೋ ಕೂಗಿದರು. ಅದನ್ನೂ ಹೇಳಿದ.

ಸಂಘಮಿತ್ರಾ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಳು. "ಒಳಗೆ ಮಾಡಿದ್ದಕ್ಕೆ ಸೊನ್ನೆ. ಬೇವಿನ ಮರದ ಕೆಳಗಿಂದಕ್ಕೆ ನಾಲ್ಕು" ಎಂದಳು.

ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಪ್ರವೇಶಪತ್ರ ಬಂತು. ಅನ್ನಪೂರ್ಣ ಮೊದಲು ಓದಿದಳು. ಓದಿ, ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ರೀ, ಇಲ್ಲಿ ಕುಮಾರಿ ತಿಪ್ಪೇರುದ್ರ ಅಂತೈತೆ."

ಹೆಸರಿನ ಕೆಳಗೆ ಲಿಂಗ ಎಂಬಲ್ಲಿ ಸ್ತ್ರೀ ಎಂದಿತ್ತು. ತಿಪ್ಪೇರುದ್ರ ನಿಂಗರಾಜನ ಅಂಗಡಿಗೆ ಓಡಿದ. ನಿಂಗರಾಜ ಈ ಸಲ ಮೊದಲೇ ತಲೆ ಎತ್ತಿ ನೋಡಿದ. "ನರ್ಸಿಂಗು ಅಂದ್ರಲ್ಲಣ್ಣ. ಕೈ ತಾನಾಗೇ ಅಲ್ಲಿ ಒತ್ತಿಬಿಡ್ತೈತೆ" ಎಂದ. ಇಲ್ಲಿಂದ ತಿದ್ದಲು ಈಗ ಬರುವುದಿಲ್ಲ, ಕಾಲೇಜಿಗೇ ಹೋಗಬೇಕು ಎಂದೂ ಹೇಳಿದ.

ಮಾರನೆಯ ದಿನ ರಜೆ ಹಾಕಿ ದಾವಣಗೆರೆಗೆ ಹೋದ. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು ಪ್ರವೇಶಪತ್ರವನ್ನೂ ಅವನನ್ನೂ ನೋಡಿದರು.

"ಪುರುಷ ಅಂತ ಮಾಡಬೇಕಾ?"

"ಹೌದು ಸರ್."

"ದಾಖಲೆ ಬೇಕಲ್ರೀ."

"ಫೋಟೋದಾಗೆ ಮೀಸೆ ಐತಲ್ಲ ಸರ್."

"ಫೋಟೋ ಯಾರು ಬೇಕಾದ್ರೂ ಅಂಟಿಸಬಹುದು."

"ಮೀಸೆ ಇಲ್ಲೂ ಐತಲ್ಲ" ಎಂದು ತಿಪ್ಪೇರುದ್ರ ಮುಖ ಮುಂದೆ ಚಾಚಿದ.

"ಅದು ನನಗೆ ಕಾಣ್ತೈತೆ ಕಣ್ರೀ. ಫೈಲಿಗೆ ಕಾಣಬೇಕಲ್ಲ. ಆಧಾರ್ ನಕಲು ಕೊಡ್ರಿ. ಜೊತಿಗೆ ಒಬ್ಬ ಡಾಕ್ಟರ ಸರ್ಟಿಫಿಕೇಟು ಇದ್ರೆ ಮೇಲಿನೋರು ತಕರಾರು ಮಾಡಲ್ಲ."

ಅವನು ಮರಳಿ ಬಂದು ಬಸವರಾಜಪ್ಪನವರಿಗೆ ವಿಷಯ ಹೇಳಿದ. ಡಾಕ್ಟರು ಲೆಟರ್‌ಹೆಡ್ ತೆಗೆದು ಬರೆಯಲು ಕೂತರು. ಈ ಮೂಲಕ ದೃಢೀಕರಿಸುವುದೇನೆಂದರೆ ಎಂದು ಬರೆದು ನಗು ಬಂದು ನಿಲ್ಲಿಸಿದರು. ಅಕ್ಷರ ಅಲುಗಾಡಿತೆಂದು ಆ ಹಾಳೆ ಹರಿದರು. ಎರಡನೆಯದನ್ನು ಬರೆಯುವಾಗ ಸಂಘಮಿತ್ರಾ ಒಳಗೆ ಬಂದು ಏನೆಂದು ಕೇಳಿದಳು, ಅದೂ ಹರಿಯಿತು. ಮೂರನೆಯ ಹಾಳೆಯಲ್ಲಿ, ಇವರನ್ನು ಹನ್ನೆರಡು ವರ್ಷದಿಂದ ಬಲ್ಲೆನೆಂದೂ ಇವರು ಪುರುಷರೆಂದೂ ಒಂದೇ ಉಸಿರಿನಲ್ಲಿ ಬರೆದು ಮೊಹರು ಒತ್ತಿದರು. ಮಾರನೆಯ ದಿನ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮೊಹರು ಸ್ಪಷ್ಟವಾಗಿದೆ ಎಂದು ಮೆಚ್ಚಿ ತಿದ್ದಿಕೊಟ್ಟರು.

ಪರೀಕ್ಷೆಯ ದಿನ ಕಾಲೇಜಿನ ಅಂಗಳದಲ್ಲಿ ಹುಡುಗಿಯರೇ ತುಂಬಿದ್ದರು. ಹೆಚ್ಚಿನವರು ಆಗಷ್ಟೇ ಡಿಪ್ಲೊಮಾ ಮುಗಿಸಿದವರು. ತಿಪ್ಪೇರುದ್ರ ಕೋಣೆಗೆ ಹೋದ ಕೂಡಲೇ ಎಲ್ಲರೂ ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಎಂದರು. ಅವನು ತನ್ನ ನಂಬರಿನ ಬೆಂಚು ಹುಡುಕಿ ಕೂತ ಮೇಲೆ ಒಬ್ಬೊಬ್ಬರಾಗಿ ಕೂತರು. ಪಕ್ಕದ ಹುಡುಗಿ ಪೆನ್ನು ಬರೆಯುತ್ತಿಲ್ಲವೆಂದು ಕಂಗಾಲಾಗಿದ್ದಳು. ಅವನ ಬಳಿ ಅನ್ನಪೂರ್ಣ ಕೊಟ್ಟ ನಾಲ್ಕು ಪೆನ್ನುಗಳಿದ್ದವು, ಒಂದನ್ನು ಕೊಟ್ಟ. ಪ್ರಶ್ನೆಪತ್ರಿಕೆಯಲ್ಲಿ ಮೂಳೆಗಳ ಬಗ್ಗೆ ಒಂದೂ ಪ್ರಶ್ನೆ ಇರಲಿಲ್ಲ. ಸೂಕ್ಷ್ಮಾಣುಜೀವಿಗಳ ಬಗ್ಗೆ ಬೇಕಾದಷ್ಟಿದ್ದವು. ಗೊತ್ತಿದ್ದಕ್ಕೆ ಗುರುತು ಹಾಕಿ, ಗೊತ್ತಿಲ್ಲದ್ದಕ್ಕೆ ಮನೆದೇವರನ್ನು ನೆನೆದು ಗುರುತು ಹಾಕಿ ಹೊರಬಂದ.

ಪ್ರಾಯೋಗಿಕಕ್ಕೆ ಅವನ ಸರದಿ ಬಂದಾಗ ಊಟದ ಹೊತ್ತು ಕಳೆದು ಬಹಳವಾಗಿತ್ತು. ಚೀಟಿಯಲ್ಲಿ, ಸಕ್ಕರೆ ಕಾಯಿಲೆಯವರು ಪಾದಗಳನ್ನು ಕಾಪಾಡಿಕೊಳ್ಳುವ ಬಗೆ ಎಂದಿತ್ತು. ಅವನಿಗೆ ಸಮಾಧಾನವಾಯಿತು. ಕೋಣೆಯಲ್ಲಿ ಇಬ್ಬರು ಮೇಡಂಗಳು ಕೂತಿದ್ದರು. ಒಬ್ಬರು ಪ್ರಿನ್ಸಿಪಾಲ್, ಇನ್ನೊಬ್ಬರು ನಿವೃತ್ತಿಯ ಅಂಚಿನ ಹಿರಿಯ ಶಿಕ್ಷಕಿ. ಮಂಚದ ಮೇಲೆ ರೋಗಿಯ ಪಾತ್ರ ವಹಿಸಿ ಮಲಗಿದ್ದವನು ಕಾಲೇಜಿನ ತೋಟದ ಕೆಲಸದ ಬೈಲಪ್ಪ. ಬೆಳಿಗ್ಗೆಯಿಂದ ಹೊಸ ಹೊಸ ಕಾಯಿಲೆ ಹೊತ್ತು ಎಲ್ಲರ ಬುದ್ಧಿವಾದ ಕೇಳಿದ್ದ. ಊಟವೂ ಆಗಿತ್ತು. ತಿಪ್ಪೇರುದ್ರ ಹತ್ತಿರ ಹೋಗಿ ನೋಡಿದರೆ ಗೊರಕೆ ಹೊಡೆಯುತ್ತಿದ್ದ.

"ಶುರು ಮಾಡಿ" ಎಂದರು ಪ್ರಿನ್ಸಿಪಾಲ್.

ತಿಪ್ಪೇರುದ್ರ ಕೈತೊಳೆದುಕೊಂಡ. ಬೈಲಪ್ಪನ ಉಸಿರಾಟ ನೋಡಿದ. ಕಾಲ ಕಡೆಯ ಹೊದಿಕೆ ಸರಿಸಿ ಎರಡೂ ಪಾದ ಗಮನಿಸಿ ಮತ್ತೆ ಹೊದಿಸಿದ. ಆಮೇಲೆ ಸ್ಟೂಲು ಎಳೆದುಕೊಂಡು ಹಿರಿಯ ಮೇಡಂ ಎದುರಿಗೆ ಕೂತ.

"ಅಕ್ಕಾ, ನೀವು ಇವರಿಗೆ ಏನಾಗಬೇಕು?"

ಅವರು ಕಕ್ಕಾಬಿಕ್ಕಿಯಾದರು. "ನಾನು ಎಕ್ಸಾಮಿನರ್ ಅಲ್ವೇನ್ರೀ? ರೋಗಿ ಅಲ್ಲಿ ಇದಾನೆ, ಎಬ್ಬಿಸಿ ಮಾತಾಡಿ."

"ನಿದ್ದೆ ಬಂದ ಪೇಷೆಂಟ್‌ನ ಎಬ್ಬಿಸಿ ಬುದ್ಧಿ ಹೇಳಿದ್ರೆ ತಲೆಗೆ ಹತ್ತಲ್ಲ ಮೇಡಂ. ಮನೇಲಿ ಇವರ ಕಾಲು ನೋಡಬೇಕಾದೋರು ಜೊತೇಲಿ ಬಂದೋರು. ಸದ್ಯಕ್ಕೆ ನೀವು ಇವರ ಅಕ್ಕ ಅಂತ ಇಟ್ಕಳ್ಳಾಣ."

ಪ್ರಿನ್ಸಿಪಾಲ್ ಮುಖ ಕಿಟಕಿಯ ಕಡೆ ತಿರುಗಿಸಿದರು. ಹಿರಿಯ ಮೇಡಂ ಒಂದು ಕ್ಷಣ ಯೋಚಿಸಿ, "ಆಯ್ತು, ಹೇಳಪ್ಪಾ" ಎಂದರು.

ಅವನು ಹೇಳಿದ. ಹೇಳುವುದಕ್ಕಿಂತ ಕೇಳಿದ್ದೇ ಹೆಚ್ಚು. ನಿಮ್ಮ ತಮ್ಮ ಚಪ್ಪಲಿ ಹಾಕುತ್ತಾನಾ, ಪಾದ ಜುಮುಗುಡುತ್ತದೆ ಅನ್ನುತ್ತಾನಾ, ಉಗುರು ಯಾವುದರಲ್ಲಿ ಕತ್ತರಿಸುತ್ತಾನೆ ಎಂದೆಲ್ಲ ವಿಚಾರಿಸಿದ. ಮೇಡಂ ಮೊದಲು ತಮಾಷೆಗೆ ಉತ್ತರ ಕೊಡುತ್ತಿದ್ದರು. ಬರಬರುತ್ತಾ ಅವರ ದನಿ ಬದಲಾಯಿತು. "ಅಲ್ಲಪ್ಪಾ, ಸೋಮವಾರ ಬರಿಗಾಲಲ್ಲಿ ಗುಡಿಗೆ ಹೋಗೋ ರೂಢಿ ಇರ್ತದೆ. ಅದನ್ನ ಬಿಡೋಕಾಗಲ್ಲ. ಏನು ಮಾಡಬೇಕು?" ಎಂದರು. ಕೇಳಿದ್ದು ಬೈಲಪ್ಪನ ಪರವಾಗಿ ಅಲ್ಲ ಎಂದು ಅವನಿಗೆ ಗೊತ್ತಾಯಿತು.

"ಬಿಡೋದು ಬೇಡ ಅಕ್ಕಾ. ಕಲ್ಲು ಕಾಯೋಕಿಂತ ಮುಂಚೆ ಹೋಗಿ ಬರ್ರಿ. ಚಪ್ಪಲಿ ಗುಡಿ ಬಾಗಿಲ ತನಕ ಇರ್ಲಿ. ಮನೆಗೆ ಬಂದು ಕಾಲು ತೊಳೆದು ಒರೆಸಿ, ಅಂಗಾಲಿಗೆ ಒಂದು ಕನ್ನಡಿ ಹಿಡಿದು ನೋಡ್ಕಳ್ರಿ. ಗಾಯ ಆದ್ರೆ ನಿಮಗೆ ನೋವು ಗೊತ್ತಾಗ್ದೇ ಇರಬಹುದು, ಕನ್ನಡಿಗೆ ಗೊತ್ತಾಗ್ತೈತೆ."

ಗಂಟೆ ಹೊಡೆಯಿತು. ಆ ಸದ್ದಿಗೆ ಬೈಲಪ್ಪ ಎದ್ದು ಕೂತು, "ಆತಾ? ಇವರು ಒಳ್ಳೇವ್ರು, ಬೇಗ ಮುಗಿಸಿದ್ರು" ಎಂದ.

ಹೊರಡುವ ಮುನ್ನ ಪ್ರಿನ್ಸಿಪಾಲ್ ಕೇಳಿದರು. "ಕೆಲಸ ಇದೆ, ಅನುಭವ ಇದೆ. ಈಗ ಯಾಕೆ ಓದಬೇಕು ಅನ್ನಿಸ್ತು?"

ಸಂಘಮಿತ್ರಾ ಇದಕ್ಕೊಂದು ಉತ್ತರ ಇಂಗ್ಲಿಷಿನಲ್ಲಿ ಕಲಿಸಿ ಕಳಿಸಿದ್ದಳು. ಆ ಉತ್ತರ ಎಲ್ಲೋ ಹೊನ್ನಾಳಿಯ ಬಸ್ಸಿನಲ್ಲೇ ಬಿದ್ದುಹೋಗಿತ್ತು. "ಒಂದು ಚಿಕ್ಕ ವಿಷಯ ತಪ್ಪು ಮಾಡ್ತಾ ಇದ್ದೆ ಮೇಡಂ. ಒಬ್ಬ ಹುಡುಗಿ ತಿದ್ದಿದ್ಲು. ದೊಡ್ಡವು ಎಷ್ಟಿದಾವೋ ಅಂತ ನೋಡಾಕೆ ಬಂದೆ" ಎಂದ.

ಪಟ್ಟಿ ಪ್ರಕಟವಾದದ್ದು ಎರಡು ವಾರದ ಮೇಲೆ. ವಾರ್ಡಿನಲ್ಲಿ ಒಬ್ಬರಿಗೆ ಬ್ಯಾಂಡೇಜು ಬಿಚ್ಚುತ್ತಿದ್ದಾಗ ಸಂಘಮಿತ್ರಾ ಮೊಬೈಲ್ ಹಿಡಿದು ಬಂದಳು. ಬಿಚ್ಚಿದ್ದನ್ನು ಕಟ್ಟಿ ಮುಗಿಸುವವರೆಗೆ ಹೇಳಬೇಡಿ ಎಂದು ಅವನು ಸನ್ನೆ ಮಾಡಿದ. ಕಟ್ಟಿ, ಕೈ ತೊಳೆದು, ಒರೆಸಿಕೊಂಡು ಬಂದ.

"ಬರೆಯೋದ್ರಲ್ಲಿ ಕಡಿಮೆ ಬಂದೈತೆ. ಪ್ರಾಯೋಗಿಕದಲ್ಲಿ ಜಾಸ್ತಿ. ಎಲ್ಲಾ ಸೇರಿ ಕೊನೆಯಿಂದ ಎರಡನೇ ಸೀಟು ರುದ್ರಣ್ಣ."

"ಕೊನೆಯೋರು ಯಾರು?"

"ಅದನ್ನ ಕಟ್ಕೊಂಡು ಏನು ಮಾಡ್ತೀರಿ?"

ಅವನು ಉಪಕರಣ ತೊಳೆಯುವ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ನಿಂತ. ಹೊರಬಂದಾಗ ಮೀಸೆ ಒದ್ದೆಯಾಗಿತ್ತು. ಮುಖ ತೊಳೆದೆ ಎಂದ. ಮನೆಗೆ ಫೋನ್ ಮಾಡಿದರೆ ಅನ್ನಪೂರ್ಣಳ ಯಂತ್ರದ ಸದ್ದು ನಿಂತಿತು. ಆಮೇಲೆ, "ಮಧ್ಯಾಹ್ನ ಊಟಕ್ಕೆ ಬರ್ರಿ, ಹೋಳಿಗೆ ಮಾಡ್ತೀನಿ" ಎಂದಳು.

ವಾರದ ದಿನಗಳಲ್ಲಿ ಕಾಲೇಜು, ಶನಿವಾರ ಸಂಜೆ ಮತ್ತು ಭಾನುವಾರ ಡ್ಯೂಟಿ ಎಂದು ಬಸವರಾಜಪ್ಪನವರು ಒಪ್ಪಿದರು. ಮೊದಲ ವಾರ ಕಳೆದು ಅವನು ಮರಳಿ ವಾರ್ಡಿಗೆ ಬಂದಾಗ, ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದ ಸುರಹೊನ್ನೆಯ ಹಿರಿಯರೊಬ್ಬರು ವಿಚಾರಿಸಿದರು.

"ಒಂದು ವಾರದಿಂದ ಕಾಣ್ಲಿಲ್ಲ. ಊರಿಗೆ ಹೋಗಿದ್ರಾ?"

"ಇಲ್ಲ ಯಜಮಾನ್ರೇ, ಸ್ಕೂಲಿಗೆ ಹೋಗಿದ್ದೆ."

"ಎಷ್ಟನೇದು?"

"ಒಂದನೇ ವರ್ಷ."

ಅವರು ಅವನ ಮುಖವನ್ನು ಬಹಳ ಮರುಕದಿಂದ ನೋಡಿದರು. "ನಮ್ಮ ಮೊಮ್ಮಗಳೂ ಒಂದನೇದೇ. ಮೊದಲು ಕಷ್ಟ ಆಗ್ತೈತೆ, ಆಮೇಲೆ ರೂಢಿ ಆಗ್ತೈತೆ. ಅಳಬೇಡ್ರಿ" ಎಂದರು.

ತಿಪ್ಪೇರುದ್ರ ಆಗಲಿ ಎಂದು ತಲೆಯಾಡಿಸಿ, ಸೂಜಿ ಚುಚ್ಚಿದ ಕೈಯಲ್ಲಿ ಊತವಿಲ್ಲವೆಂದು ನೋಡಿ, ಹನಿ ಬೀಳುವುದನ್ನು ಸ್ವಲ್ಪ ನಿಧಾನ ಮಾಡಿದ.